ಮೂರೂವರೆ ಮೀಟರು ನೇರಳೆ

ಹೊಸೂರಿನ ಬಾಗಲೂರು ರಸ್ತೆಯಲ್ಲಿ
ಮೋಟಾರು ವೈಂಡಿಂಗ್ ಅಂಗಡಿಯ ನೆತ್ತಿಯ ಮೇಲೆ
ನಮ್ಮ ಸಭೆ. ವಯಸ್ಸು ಮೂರು ವರ್ಷ ಏಳು ತಿಂಗಳು.
ಗೋಪುರವಿಲ್ಲ, ಗಂಟೆಯಿಲ್ಲ,
ಧೂಪವೆಂದರೆ ಕೆಳಗಿಂದ ಏರಿ ಬರುವ ವಾರ್ನಿಶ್ ವಾಸನೆ.
ಬೀಗದ ಕೈ ನನ್ನ ಹತ್ತಿರ.

ನವೆಂಬರಿನ ಮೂರನೇ ಭಾನುವಾರ, ಆರಾಧನೆ ಮುಗಿದ ಮೇಲೆ,
ಕುರ್ಚಿಗಳನ್ನು ಪೇರಿಸದೆ
ದುಂಡಗೆ ಎಳೆದುಕೊಂಡು ಕೂತೆವು,
ಬರುವ ಕಾಲದ ಲೆಕ್ಕಕ್ಕೆ.
ಪಾಸ್ಟರ್ ಗಿದ್ಯೋನ್ ಹಲಗೆಯ ಮೇಲೆ ಬರೆದರು: ಆಗಮನ.
ಸೆಲ್ವಮಣಿ ಅದರ ಕೆಳಗೆ ತಮಿಳಿನಲ್ಲಿ.
ತೆಲುಗಿನಲ್ಲಿ ಬರೆಯಲೆದ್ದ ಜ್ಯೋತಿರಾಣಿಗೆ ಜಾಗ ಸಾಲದೆ
ಅಕ್ಷರ ಗೋಡೆಗಿಳಿಯಿತು.
ಒರೆಸಬೇಡ, ಇರಲಿ ಅಂದೆ.

ಯೋಸೇಫನ ಪಾತ್ರಕ್ಕೆ ಇಬ್ಬರು:
ಬಿ ಶಿಫ್ಟಿನವನೊಬ್ಬ, ಸಿ ಶಿಫ್ಟಿನವನೊಬ್ಬ.
ಯಾವ ವಾರ ಯಾರಿಗೆ ರಾತ್ರಿಪಾಳಿಯೋ
ಫ್ಯಾಕ್ಟರಿಯ ನೋಟೀಸು ಬೋರ್ಡಿಗಷ್ಟೇ ಗೊತ್ತು.
ಮರಿಯಳಾದವಳು ಇಬ್ಬರೊಂದಿಗೂ ಹೊಂದಿಕೊಳ್ಳಬೇಕೆಂದಾಗ
ಬಿದ್ದು ಬಿದ್ದು ನಕ್ಕೆವು, ಗಿದ್ಯೋನರೂ.

ಮೇಣದ ಬತ್ತಿ ನಾಲ್ಕು.
ಮೂರು ನೇರಳೆ ಸಿಕ್ಕವು.
ಗುಲಾಬಿ ಬೆಳೆದು ಕಡಲಾಚೆ ಕಳಿಸುವ ಊರಿನಲ್ಲಿ
ಗುಲಾಬಿ ಬಣ್ಣದ ಬತ್ತಿ ಒಂದೂ ಇಲ್ಲ.
"ಬತ್ತಿ ಇಲ್ಲದಿದ್ರೆ ಹೂವಾದ್ರೂ ತರ್ತೀನಕ್ಕ" ಎಂದಳು ಜ್ಯೋತಿರಾಣಿ,
ಹಸಿರುಮನೆಯಲ್ಲಿ ಹೂ ಕಟ್ಟುವವಳು,
"ಕತ್ತು ಬಾಗಿದ್ದು ವಿಮಾನ ಹತ್ತಲ್ಲ,
ಬುಟ್ಟಿಗಟ್ಟಲೆ ಬಿದ್ದಿರ್ತವೆ."
ನನಗೆ ಗೊತ್ತು ಆ ಬುಟ್ಟಿ.
ಬೇರಿಂಗ್ ಫ್ಯಾಕ್ಟರಿಯ ತಪಾಸಣೆ ಮೇಜಿನಲ್ಲಿ
ಕೂದಲೆಳೆಯಷ್ಟು ಹೆಚ್ಚಾದರೂ
ಕೆಂಪು ಡಬ್ಬಿಗೆ ಎಸೆಯುವ ಕೈ ಇದು.
ಭಾನುವಾರ ಇದೇ ಕೈ
ರೊಟ್ಟಿಯ ತಟ್ಟೆ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತದೆ.

ಅಷ್ಟರಲ್ಲಿ ಫೋನು. ಓನರ್ ಮುನಿರತ್ನಂ.
ಹನ್ನೊಂದು ತಿಂಗಳ ಕರಾರು, ವರ್ಷದ ಕೊನೆಗೆ ಸರಿಹೋಗುತ್ತದೆ,
ಜಿಮ್ಮಿನವರು ಎರಡರಷ್ಟು ಕೊಡ್ತಾರಂತೆ,
ತಪ್ಪು ತಿಳೀಬೇಡಿ ಸಾರ್.
ಒಂದು ವಾಕ್ಯ ಎಲ್ಲರ ನಾಲಿಗೆಯ ತುದಿಗೂ ಬಂತು,
ಛತ್ರದ್ದು, ಜಾಗವಿಲ್ಲದ್ದು.
ಯಾರೂ ಹೇಳಲಿಲ್ಲ.
ವರ್ಷವರ್ಷ ಓದಿ ನುಣ್ಣಗಾಗಿದ್ದ ಮಾತಿಗೆ
ಒಮ್ಮೆಲೇ ಚೂಪು ಬಂದಿತ್ತು.
ಏಸ್ತರಳ ಮಗು ಬಿಸ್ಕತ್ತಿಗೆ ಅತ್ತಿತು.
ಪಟ್ಟಿಯಲ್ಲಿ ಮುಂದೇನು ಎಂದರು ಗಿದ್ಯೋನ್, ದನಿ ಒಣಗಿ.
ಬಟ್ಟೆ ಅಂದೆ. ನೇರಳೆ. ಮೂರೂವರೆ ಮೀಟರು.

ಇಳಿದು ಬರುವಾಗ ಮೆಟ್ಟಿಲ ಬುಡದಲ್ಲಿ ಖಾದರ್,
ಬೆರಳಿಗೆಲ್ಲ ತಾಮ್ರದ ಗೀರು.
"ಹಬ್ಬ ಬಂತಾ ಅಕ್ಕ?"
"ಇನ್ನೂ ಇಲ್ಲ. ಇದು ಕಾಯೋ ಕಾಲ."
"ಕಾಯೋದಕ್ಕೂ ಖರ್ಚು ಮಾಡ್ತೀರಾ?
ನಮ್ಮಲ್ಲಿ ಕಾಯಿಸಿದ್ರೆ ಗಿರಾಕಿ ಬಯ್ತಾನೆ."
ಆಮೇಲೆ ತಾನಾಗಿಯೇ, ತಂತಿ ಸುತ್ತುತ್ತ:
"ಆದ್ರೂ ಅದ್ದಿದ ಕಾಯಿಲು ರಾತ್ರಿಯೆಲ್ಲ ಒಲೇಲಿರಬೇಕು.
ಅವಸರಕ್ಕೆ ತೆಗೆದ್ರೆ
ಕರೆಂಟು ಕೊಟ್ಟ ಗಳಿಗೇಲೇ ಸುಟ್ಟುಹೋಗುತ್ತೆ."

ರಾತ್ರಿ ಮನೆಯಲ್ಲಿ ಬಿಳಿ ಬತ್ತಿ ಕರಗಿಸಿ
ಮಕ್ಕಳ ಬಣ್ಣದ ಕಡ್ಡಿಯೊಂದನ್ನು ಮುರಿದು ಹಾಕಿದೆ.
ಒಂದು ಮಗ್ಗುಲು ಕರುವಿನ ನಾಲಿಗೆ,
ಇನ್ನೊಂದು ಹಳೆ ಹೆಂಚು,
ನಡುವೆ ಗುಳ್ಳೆ.
ನನ್ನ ಮೇಜಿಗೆ ಬಂದಿದ್ದರೆ ಸೀದಾ ಕೆಂಪು ಡಬ್ಬಿಗೇ.
ಆರಲೆಂದು ಕಿಟಕಿಯಲ್ಲಿಟ್ಟೆ, ಚಳಿಗೆ.

ಬಟ್ಟೆಯೂ ಬಂದಿದೆ. ನೋಡಿದರೆ ಬದನೆಕಾಯಿ ಬಣ್ಣ,
ನೇರಳೆಯೇ ಎಂದು ಅಂಗಡಿಯವನ ಆಣೆ.
ಈಗಿರುವ ಮೇಜಿಗೆ ಹಾಸಿ ನೋಡಿದೆ,
ಎರಡೂ ಕಡೆ ನೆಲಕ್ಕೆ ಇಳಿಯುತ್ತದೆ.
ಹೆಚ್ಚಾದದ್ದನ್ನು ಕತ್ತರಿಸಿಲ್ಲ.
ಅಂಚೂ ಹೊಲಿದಿಲ್ಲ, ದಾರ ಸೂಜಿಯಲ್ಲೇ ಇದೆ.
ಮುಂದಿನ ಮೇಜು ಎಷ್ಟುದ್ದವೋ.